ಸಚಿವಾಲಯಗಳ ಸ್ವಂತ ಚರಿತ್ರೆಯೂ ಉಳಿಯಲಿ

ಮಾನ್ಯ ಸಂಪಾದಕರೇ,

ದೆಹಲಿಯ ರೈಸಿನಾ ಗುಡ್ಡದ ಮೇಲಿರುವ ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್‌ಗಳನ್ನು ‘ಯುಗೇ ಯುಗೀನ್ ಭಾರತ್’ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ಪರಿವರ್ತಿಸುವ ಕೇಂದ್ರದ ಯೋಜನೆ ಸ್ವಾಗತಾರ್ಹ. ಆದರೆ ದೇಶದ ಐದು ಸಾವಿರ ವರ್ಷಗಳ ಚರಿತ್ರೆಯನ್ನು ಅಲ್ಲಿ ಜೋಡಿಸಿಡುವ ಭರದಲ್ಲಿ, 1931ರಲ್ಲಿ ಉದ್ಘಾಟನೆಗೊಂಡ ಹೊಸದಿಲ್ಲಿಯ ಈ ಸಚಿವಾಲಯಗಳ ಸ್ವಂತ ಚರಿತ್ರೆ ಮೂಲೆಗೆ ಸರಿಯಬಾರದು.

ನಮ್ಮ ಬೀದರ್ ಕೋಟೆಯ ವಸ್ತುಸಂಗ್ರಹಾಲಯ ಇರುವುದು ಅರಮನೆಯ ಹಳೆಯ ಸ್ನಾನಗೃಹದಲ್ಲಿ. ಪ್ರವಾಸಕ್ಕೆ ಬರುವ ಶಾಲಾ ಮಕ್ಕಳು ಆಯುಧ, ಶಿಲ್ಪಗಳನ್ನು ನೋಡಿ ಮುಂದಕ್ಕೆ ಹೋಗುತ್ತಾರೆಯೇ ಹೊರತು, ತಾವು ನಿಂತಿರುವ ಕಟ್ಟಡ ಯಾವುದು, ಇಲ್ಲಿಗೆ ನೀರು ಹೇಗೆ ಬರುತ್ತಿತ್ತು ಎಂದು ಕೇಳುವವರು ವಿರಳ. ದೆಹಲಿಯಲ್ಲಿಯೂ ಹೀಗೇ ಆಗುವ ಸಂಭವವಿದೆ.

ಬ್ರಿಟಿಷ್ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ವಿನ್ಯಾಸಗೊಳಿಸಿದ ನಾರ್ತ್ ಬ್ಲಾಕ್‌ನ ದ್ವಾರದ ಮೇಲೆ, ಸ್ವಾತಂತ್ರ್ಯವು ತಾನಾಗಿ ಜನರ ಬಳಿಗೆ ಇಳಿದು ಬರುವುದಿಲ್ಲ, ಜನರೇ ಅದರ ಮಟ್ಟಕ್ಕೆ ಏರಬೇಕು, ಅನುಭವಿಸುವ ಮೊದಲು ಅದನ್ನು ಗಳಿಸಬೇಕು ಎಂಬರ್ಥದ ಇಂಗ್ಲಿಷ್ ಬರಹವನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಆಳುವವರು ಆಳಿಸಿಕೊಂಡವರಿಗೆ ಮಾಡಿದ ಈ ಉಪದೇಶವನ್ನು, ಅದೂ ಗಾಂಧೀಜಿಯವರ ಚಳವಳಿಗೆ ಸಾವಿರಾರು ಜನ ಜೈಲು ಸೇರಿದ್ದ ಕಾಲದ ಉಪದೇಶವನ್ನು, ಅಳಿಸಲೂಬಾರದು, ಮುಚ್ಚಲೂಬಾರದು. ಯಾರು ಯಾರಿಗೆ ಹೇಳಿದ ಮಾತು ಇದು ಎಂಬುದನ್ನು ಭಾರತೀಯ ಭಾಷೆಗಳಲ್ಲಿ ಬರೆದು ಪಕ್ಕದಲ್ಲಿಟ್ಟರೆ ಅದಕ್ಕಿಂತ ಒಳ್ಳೆಯ ಪ್ರದರ್ಶಿಕೆ ಬೇರೊಂದಿಲ್ಲ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಬಜೆಟ್ ಮುದ್ರಣಾಲಯವನ್ನು, ಮುದ್ರಣದ ಆರಂಭಕ್ಕೆ ಸಂಪ್ರದಾಯದಂತೆ ಹಲ್ವಾ ಹಂಚಿಕೆಯಾದ ಮೇಲೆ ಬಜೆಟ್ ಮಂಡನೆಯಾಗುವವರೆಗೂ ಮನೆಯವರ ಸಂಪರ್ಕವಿಲ್ಲದೆ ಸಿಬ್ಬಂದಿ ಒಳಗೇ ಉಳಿಯುತ್ತಿದ್ದ ಕೋಣೆಗಳ ಸಮೇತ ಇದ್ದ ಹಾಗೆಯೇ ಕಾಪಾಡಬೇಕು.

ಕಲ್ಯಾಣ ಕರ್ನಾಟಕದ ನಮಗೆ ನಾರ್ತ್ ಬ್ಲಾಕ್ ಬರೀ ಚಿತ್ರದಲ್ಲಿ ಕಂಡ ಕಟ್ಟಡವಲ್ಲ. ಕೇಂದ್ರ ಗೃಹ ಸಚಿವಾಲಯ ಅಲ್ಲಿದ್ದುದರಿಂದ, ವಿಶೇಷ ಸ್ಥಾನಮಾನಕ್ಕಾಗಿ ಬೀದರ್, ಕಲಬುರಗಿ, ರಾಯಚೂರುಗಳಿಂದ ವರ್ಷಗಟ್ಟಲೆ ಹೋದ ಮನವಿಗಳ ದಾರಿ ಆ ಬಾಗಿಲ ಮೂಲಕವೇ ಸಾಗಿತ್ತು. ಒಮ್ಮೆ ತಿರಸ್ಕೃತವಾದ ಬೇಡಿಕೆ 2012ರ 98ನೇ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿಯಾಯಿತು. ಬಹಿರಂಗಪಡಿಸಬಹುದಾದ ಇಂಥ ಕಡತಗಳ ಪ್ರತಿಗಳನ್ನು, ಆಯಾ ಪ್ರದೇಶದ ಹೆಸರಿನೊಂದಿಗೆ, ನಿರ್ಧಾರಗಳಾದ ಕೊಠಡಿಗಳಲ್ಲಿಯೇ ಇಡಬಹುದು.

ಒಳಾಂಗಣದ ಬದಲಾವಣೆಗಳು ಪೂರ್ಣಗೊಳ್ಳುವ ಮೊದಲೇ ಈ ಭಾಗದ ಸಂಸದರು ಸಂಸ್ಕೃತಿ ಸಚಿವಾಲಯದ ಮುಂದೆ ಈ ಬೇಡಿಕೆಯನ್ನು ಲಿಖಿತವಾಗಿ ಮಂಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಉಪನ್ಯಾಸಕ, ಬೀದರ್