ಹೋಗೋಣವೇ, ಉಳಿಯೋಣವೇ ಎಂದಾಗ ಜೊತೆಗೆ ಕೂತವರಿಗೆ

ಹೆಂಡತಿಯ ಹೊಸ ಹುದ್ದೆಯ ಕಾರಣಕ್ಕೆ ನಾವು ಊರು ಬದಲಿಸಿ ಒಂದು ವರ್ಷವಾಗುತ್ತಾ ಬಂತು. ಮೊನ್ನೆ ಅವಳ ಪರೀಕ್ಷಾವಧಿ ಮುಗಿದು ಹುದ್ದೆ ಕಾಯಂ ಆಯಿತು. ಇದೇ ತಿಂಗಳು ಇಲ್ಲಿ ನನ್ನ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ಕೂ ಬಾಗಿಲು ತೆರೆಯಿತು. ಹೋಗಬೇಕೋ ಬೇಡವೋ ಎಂದು ತೊಳಲಾಡುತ್ತಿದ್ದ ತಿಂಗಳುಗಳಲ್ಲಿ ನಮ್ಮ ಜೊತೆಗೆ ನಿಂತವರಿಗೆ ಒಬ್ಬೊಬ್ಬರಾಗಿ ಧನ್ಯವಾದ ಹೇಳಿದ್ದೇನೆ. ಈಗ ಎಲ್ಲರೆದುರು ಹೇಳಬೇಕೆನಿಸಿದೆ. ಅವರು ಏನು ಮಾಡಿದರೆಂದು ತಿಳಿದರೆ, ಇದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕೂತ ಇನ್ನೊಂದು ಮನೆಗೆ ಉಪಯೋಗವಾದೀತು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡದ್ದರಿಂದ ಯಾರ ಹೆಸರನ್ನೂ ಬರೆದಿಲ್ಲ.

ನನ್ನ ಹೆಂಡತಿ ನೀರಿನ ಗುಣಮಟ್ಟ ಪರೀಕ್ಷಿಸುವ ರಸಾಯನಶಾಸ್ತ್ರಜ್ಞೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ, ಆರ್ಸೆನಿಕ್ ಸೇರಿದೆಯೇ ಎಂದು ಅಳೆಯುವುದು ಅವಳ ದಿನನಿತ್ಯದ ಕೆಲಸ. ದೂರದ ನಗರದ ದೊಡ್ಡ ಪ್ರಯೋಗಾಲಯವೊಂದನ್ನು ಮುನ್ನಡೆಸುವ ಅವಕಾಶ ಅವಳಿಗೆ ಅದೃಷ್ಟದಿಂದ ಬಂದದ್ದಲ್ಲ, ವರ್ಷಗಟ್ಟಲೆ ದುಡಿದು ಗಳಿಸಿದ್ದು. ಇತ್ತ ನನ್ನ ಕೆಲಸ ಊರಿಗೇ ಅಂಟಿಕೊಂಡದ್ದು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಬೆನ್ನುನೋವಿನವರು ಒಬ್ಬರಿಂದೊಬ್ಬರು ಕೇಳಿ ತಿಳಿದು ನನ್ನ ಬಳಿ ಬರುತ್ತಿದ್ದರು. ಆ ಹೆಸರು ಊರಿನ ಗಡಿ ದಾಟುವಂಥದ್ದಲ್ಲ. ಮಗಳು ಐದನೇ ತರಗತಿಯಲ್ಲಿದ್ದಳು. ಅಮ್ಮ ಎರಡು ಬೀದಿ ಆಚೆ ಒಬ್ಬರೇ ಇದ್ದರು.

ಮೊದಲ ಧನ್ಯವಾದ ಈಗ ಅವಳ ಮೇಲಧಿಕಾರಿಯಾಗಿರುವವರಿಗೆ. ಉತ್ತರ ಕೊಡುವ ಗಡುವು ಹತ್ತಿರವಾದಾಗ ಅವಳು ಇನ್ನಷ್ಟು ಸಮಯ ಕೇಳಿದಳು. ಅಂಥ ಕೋರಿಕೆ ಬಂದರೆ ಆಸಕ್ತಿಯಿಲ್ಲವೆಂದು ತಿಳಿಯುವವರೇ ಹೆಚ್ಚು. ಇವರು, "ನಿಮ್ಮ ಯಜಮಾನರ ಕೆಲಸಕ್ಕೆ ಇಲ್ಲಿ ಏನು ದಾರಿಯಿದೆ ಎಂದು ನೋಡಿಕೊಳ್ಳಲು ಎಷ್ಟು ದಿನ ಬೇಕು?" ಎಂದು ಕೇಳಿ, ಕೇಳಿದಷ್ಟನ್ನೂ ಕೊಟ್ಟರು. ಸಂಬಳ, ರಜೆ, ಸಾಮಾನು ಸಾಗಿಸುವ ಖರ್ಚು, ಕಾಯಂ ಆಗುವ ಷರತ್ತು, ಮೊದಲ ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕಾದ ಹಣ, ಎಲ್ಲವನ್ನೂ ಬರಹದಲ್ಲಿ ಕಳಿಸಿದರು. ಬಾಯಿಮಾತಿನ ಭರವಸೆಗಳ ಮೇಲೆ ಮನೆಯೊಂದನ್ನು ಕಿತ್ತು ಇನ್ನೊಂದು ಊರಿನಲ್ಲಿ ನೆಡುವ ಧೈರ್ಯ ನಮಗಿರಲಿಲ್ಲ.

ಎರಡನೆಯವರು ಮೇಲಿನ ಮನೆಯ ಮೇಡಂ, ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಇವರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕು. ಆ ಹೊತ್ತಿಗೆ ಬಂಧುಬಳಗದಲ್ಲಿ ಎರಡು ಮಾತು ಓಡಾಡುತ್ತಿದ್ದವು. "ಹೆಂಡತಿಯ ನೌಕರಿಗಾಗಿ ಕೈಯಲ್ಲಿರುವ ಕೆಲಸ ಬಿಡುವುದೇ?" ಎಂಬುದು ಒಂದು. "ಎಂಥ ತ್ಯಾಗ!" ಎಂಬುದು ಇನ್ನೊಂದು. ಮೊದಲನೆಯದು ನನಗೆ ನಾಟಲಿಲ್ಲ. ಎರಡನೆಯದು ಕಿವಿಗೆ ಹಿತವಾಗಿತ್ತು. ಅಪಾಯವಿರುವುದು ಅದರಲ್ಲೇ ಎಂದು ಮೇಡಂ ಹೇಳಿದರು. ತ್ಯಾಗವೆಂದು ಕರೆದ ಕ್ಷಣದಿಂದ ಅದು ಮೊತ್ತ ಬರೆಯದ ಸಾಲಪತ್ರವಾಗುತ್ತದೆ, ಅವಳು ಎಷ್ಟು ತೀರಿಸಿದರೂ ಬಾಕಿ ಉಳಿದೇ ಇರುತ್ತದೆ ಎಂದರು.

ಆಮೇಲೆ ಜೇಕಬ್ ಮಿನ್ಸರ್ ಎಂಬ ಅರ್ಥಶಾಸ್ತ್ರಜ್ಞ 1978ರಲ್ಲಿ ಕುಟುಂಬಗಳ ವಲಸೆಯ ಬಗ್ಗೆ ಬರೆದ ಪ್ರಬಂಧದ ವಿಚಾರ ತೆಗೆದರು. ಕುಟುಂಬವೊಂದು ಊರು ಬಿಡುವಾಗ ಇಬ್ಬರ ಲಾಭನಷ್ಟವನ್ನೂ ಕೂಡಿ ನೋಡುತ್ತದೆ. ಒಟ್ಟು ಲೆಕ್ಕ ಲಾಭದ ಕಡೆಗಿದ್ದರೂ ಇಬ್ಬರಲ್ಲಿ ಒಬ್ಬರಿಗೆ ನಷ್ಟವಾಗಿರಬಹುದು. ಹಾಗೆ ನಷ್ಟ ಹೊತ್ತು ಜೊತೆಗೆ ಹೊರಡುವವರನ್ನು ಮಿನ್ಸರ್ ಕಟ್ಟುಬಿದ್ದು ಹೊರಟವರೆಂದು ಗುರುತಿಸುತ್ತಾರೆ. ಇಷ್ಟನ್ನು ಯಾರಾದರೂ ಊಹಿಸಬಹುದು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಇನ್ನೊಂದು ಅರ್ಧ. ಹೋದರೆ ತನಗೆ ಲಾಭವಿದ್ದರೂ ಸಂಗಾತಿಗೆ ಆಗುವ ನಷ್ಟ ನೋಡಿ ಹೋಗದೆ ಉಳಿಯುವವರಿದ್ದಾರೆ. ಅವರೂ ಅಷ್ಟೇ ಕಟ್ಟುಬಿದ್ದವರು. ಹೊರಟವರ ನಷ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ: ಬಿಟ್ಟ ಕೆಲಸ, ಖಾಲಿ ಮಾಡಿದ ಮನೆ. ಉಳಿದವರದು ಯಾರಿಗೂ ಕಾಣುವುದಿಲ್ಲ, ಹೊರಗಡೆ ಏನೂ ಬದಲಾಗಿರುವುದಿಲ್ಲವಲ್ಲ.

ಹೋಗುವುದರಿಂದ ಏನೇನು ಕಳೆದುಕೊಳ್ಳುತ್ತೇವೆ ಎಂದು ನಾವು ಒಂದು ಹಾಳೆ ತುಂಬ ಬರೆದಿಟ್ಟಿದ್ದೆವು. ಉಳಿಯುವುದಕ್ಕೂ ಅಂಥದ್ದೇ ಒಂದು ಹಾಳೆ ಮಾಡಿ ಎಂದರು ಮೇಡಂ. ಅದರಲ್ಲಿ ಹೆಂಡತಿ ಬರೆದ ಮೊದಲ ಸಾಲು ಇದು: "ಇದೇ ಮೇಜಿನ ಮುಂದೆ ಕೂತು, ಆ ಕೆಲಸವನ್ನು ಬೇರೆಯವರು ಹೇಗೆ ಮಾಡುತ್ತಿದ್ದಾರೆಂದು ವರ್ಷ ವರ್ಷವೂ ವರದಿಗಳಲ್ಲಿ ಓದುತ್ತಿರುತ್ತೇನೆ." ಅವಳು ಅದನ್ನು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ನಿರ್ಧಾರದ ತಕ್ಕಡಿ ನಿಜವಾಗಿ ತೂಗತೊಡಗಿದ್ದು ಆ ಸಾಲಿನಿಂದ.

ಇಂಥ ವಲಸೆಗಳ ಅಧ್ಯಯನಗಳಲ್ಲಿ ನಷ್ಟ ಹೊತ್ತವರು ಬಹುಪಾಲು ಹೆಂಡತಿಯರೇ ಎಂದೂ ಮೇಡಂ ಹೇಳಿದ್ದರು. ಹಾಗಾಗಿ ನನ್ನನ್ನು ಈಗಲೂ ಹೊಗಳುವವರಲ್ಲಿ ಒಂದು ಕೋರಿಕೆ. ಗಂಡನ ವರ್ಗಾವಣೆಯ ಹಿಂದೆ ಊರೂರು ತಿರುಗಿ, ಪ್ರತಿ ಊರಿನಲ್ಲೂ ಸೊನ್ನೆಯಿಂದ ಶುರುಮಾಡಿದ ಹೆಂಗಸೊಬ್ಬರು ನಿಮ್ಮ ಬಳಗದಲ್ಲೇ ಇರುತ್ತಾರೆ. ಆ ಹೊಗಳಿಕೆ ಅವರಿಗೆ ಸಲ್ಲಲಿ.

ಬೇರೆ ಬೇರೆ ನಗರಗಳಲ್ಲಿ ಇದ್ದುಕೊಂಡು ಸಂಸಾರ ನಡೆಸಿದ ಗೆಳೆಯ ದಂಪತಿ ನಮಗಾಗಿ ಒಂದಿಡೀ ಭಾನುವಾರ ಕೊಟ್ಟರು. ಅವಳು ಅಲ್ಲಿ, ನಾನು ಇಲ್ಲಿ ಎಂಬ ದಾರಿ ನಮ್ಮ ಮುಂದೆಯೂ ಇತ್ತು. ಅದು ಕೆಟ್ಟ ದಾರಿಯೆಂದು ಅವರು ಹೇಳಲಿಲ್ಲ. ಇಬ್ಬರ ವೃತ್ತಿಯೂ ಉಳಿಯಿತು, ಅದಕ್ಕೆ ವಿಷಾದವಿಲ್ಲ ಎಂದರು. ಆದರೆ ಎರಡೆರಡು ಬಾಡಿಗೆ, ಪ್ರಯಾಣದಲ್ಲೇ ಕರಗಿಹೋಗುವ ವಾರಾಂತ್ಯ, ಬಿಲ್ಲು, ಔಷಧ, ಮಗುವಿನ ಅಂಕಗಳ ವರದಿಯಾಗಿಬಿಟ್ಟ ಫೋನ್ ಮಾತು, ಮಗುವಿಗೆ ಜ್ವರ ಬಂದ ರಾತ್ರಿಗಳೆಲ್ಲ ಒಬ್ಬರ ಪಾಲಿಗೇ ಬಂದದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಮುಗಿಯುವ ದಿನಾಂಕ ಗೊತ್ತಿದ್ದರೆ ತಡೆದುಕೊಳ್ಳಬಹುದು ಎಂಬುದು ಅವರ ಅನುಭವ. ನಮಗೆ ಅಂಥ ದಿನಾಂಕವಿರಲಿಲ್ಲ. ಆ ದಾರಿಯನ್ನು ಅಂದೇ ಬದಿಗಿಟ್ಟೆವು.

ಅಮ್ಮನಿಗೆ ಧನ್ಯವಾದ ಹೇಳಿದರೆ ಅವರಿಗೆ ಇಷ್ಟವಾಗದು, ಆದರೂ ಹೇಳುತ್ತೇನೆ. "ನನಗೋಸ್ಕರ ಉಳಿಯುವುದಾದರೆ ನನ್ನೆದುರಿಗೇ ಹೇಳು. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ತೀರ್ಮಾನ ಮಾಡಬೇಡ," ಎಂದರು. ಆಮೇಲೆ ತಮಗೇನು ಬೇಕೆಂದು ತಾವೇ ಹೇಳಿದರು: ಈಗಿರುವ ವೈದ್ಯರು ಬದಲಾಗಬಾರದು, ರಾತ್ರಿ ಕರೆದರೆ ಬರುವವರೊಬ್ಬರು ಇರಬೇಕು, ರಜೆ ಬಂದಾಗ ಮೊಮ್ಮಗಳು ಮನೆಗೆ ಬರಬೇಕು. ರಾತ್ರಿಯ ಹೊಣೆಯನ್ನು ಅಕ್ಕ, ಭಾವ ಹೊತ್ತರು. ಅಕ್ಕಾ, ಒಪ್ಪುವ ಮೊದಲು ನಿನಗಾಗುವ ತೊಂದರೆಗಳನ್ನೂ ನೀನು ಬಿಡಿಸಿ ಹೇಳಿದೆ. ಹೂಂ ಎಂದು ಸುಮ್ಮನಾಗಿದ್ದರೆ ನನಗೆ ಇಷ್ಟು ಸಮಾಧಾನ ಇರುತ್ತಿರಲಿಲ್ಲ. ಔಷಧ ತರಿಸುವುದು, ವೈದ್ಯರ ಸಮಯ ಗೊತ್ತುಮಾಡುವುದು, ಬಿಲ್ಲು ಕಟ್ಟುವುದು ದೂರದಿಂದಲೂ ಆಗುವ ಕೆಲಸಗಳು. ಅವು ನನ್ನ ಪಾಲಾದವು.

ಹೆಂಡತಿಯ ಹಳೆಯ ಸಹೋದ್ಯೋಗಿಯೊಬ್ಬರು ಹೀಗೆಯೇ ಊರು ಬಿಟ್ಟು ಹೋಗಿ, ಮರಳಿ ಬಂದವರು. ಸೋತು ಬಂದವರೆಂದು ಜನ ಆಡಿಕೊಂಡದ್ದನ್ನು ಕೇಳಿಯೂ ತಮ್ಮ ಅನುಭವವನ್ನು ನಮ್ಮ ಮುಂದೆ ಪೂರ್ತಿ ತೆರೆದಿಟ್ಟರು. ಹೊರಡುವ ಮೊದಲೇ ವಾಪಸಾಗುವ ಷರತ್ತುಗಳನ್ನು ಬರೆದಿಡಿ ಎಂಬುದು ಅವರ ಸಲಹೆ. ಬರೆದಿಡದಿದ್ದರೆ ಬೇಸರದ ದಿನವೆಲ್ಲ ಹೊರಡಲು ಕಾರಣವಾಗಿ ಕಾಣುತ್ತದೆ, ಸಂಬಳದ ದಿನವೆಲ್ಲ ಉಳಿಯಲು ಕಾರಣವಾಗಿ ಕಾಣುತ್ತದೆ. ನಾವು ನಾಲ್ಕು ವಿಷಯ ಬರೆದೆವು: ಹೇಳಿದಂಥ ಕೆಲಸವೇ ಅವಳಿಗೆ ಸಿಕ್ಕಿದೆಯೇ, ನನ್ನ ವೃತ್ತಿ ಚಿಗುರಿದೆಯೇ, ಮಗಳಿಗೆ ಜೊತೆ ಸಿಕ್ಕಿದೆಯೇ, ಅಮ್ಮ ಹೇಗಿದ್ದಾರೆ. ಅವುಗಳನ್ನು ಮತ್ತೆ ತೆಗೆದು ನೋಡುವ ತಿಂಗಳನ್ನೂ ಗೊತ್ತುಮಾಡಿದೆವು. ರಜೆಯಲ್ಲಿ ನಗರ ನೋಡಲು ಹೋಗಬೇಡಿ, ಕೆಲಸದ ದಿನಗಳಲ್ಲಿ ಹೋಗಿ ಎಂದೂ ಅವರೇ ಹೇಳಿದ್ದು. ಅಂಥ ಒಂದು ವಾರಕ್ಕೆ ತಮ್ಮ ಮನೆಯ ಕೀಲಿಯನ್ನೇ ಕೊಟ್ಟ ಗೆಳತಿಗೆ ನಾವು ಋಣಿಗಳು. ಕಚೇರಿ ಬಿಡುವ ಹೊತ್ತಿನ ಬಸ್ಸು, ಶಾಲೆ ಬಿಟ್ಟಾಗಿನ ರಸ್ತೆ, ರಾತ್ರಿ ಆಸ್ಪತ್ರೆಗೆ ಎಷ್ಟು ದೂರ ಎಂಬುದನ್ನೆಲ್ಲ ನೋಡಿಕೊಂಡೇ ಬಂದೆವು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಪ್ತಸಮಾಲೋಚಕಿಯೊಬ್ಬರು ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಪ್ರಕಟಿಸಿದ ಒಂದು ಪಟ್ಟಿ ತೋರಿಸಿದರು. ಬದುಕಿನ 43 ಬದಲಾವಣೆಗಳಿಗೆ, ಒಗ್ಗಿಕೊಳ್ಳಲು ಎಷ್ಟು ಶ್ರಮ ಬೇಕೆಂದು ನೋಡಿ, ಅದರಲ್ಲಿ ಅಂಕ ಕೊಟ್ಟಿದ್ದಾರೆ. ಸಂಗಾತಿಯ ಸಾವಿಗೆ 100, ಮದುವೆಗೆ 50. ಮನೆ ಬದಲಿಸುವುದಕ್ಕೆ ಬರೀ 20. ಆದರೆ ಮನೆಯೊಂದೇ ಬದಲಾಗುತ್ತಿರಲಿಲ್ಲವಲ್ಲ. ವ್ಯವಹಾರವನ್ನು ಹೊಸದಾಗಿ ಹೊಂದಿಸಿಕೊಳ್ಳುವುದಕ್ಕೆ 39, ಜೀವನ ಸ್ಥಿತಿ ಬದಲಾಗುವುದಕ್ಕೆ 25, ಒಡನಾಟ ಬದಲಾಗುವುದಕ್ಕೆ 18. ನನ್ನ ಲೆಕ್ಕ ಕೂಡಿದರೆ 102. ಇದು ಭವಿಷ್ಯವಾಣಿಯಲ್ಲ, ಹೆದರಿಸಲು ಹೇಳುತ್ತಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು. ತಪ್ಪಿಸಬಹುದಾದ ಬದಲಾವಣೆಗಳನ್ನು ಅದೇ ತಿಂಗಳುಗಳ ಮೇಲೆ ಹೇರಬೇಡಿ ಎಂಬುದಷ್ಟೇ ಅವರ ಮಾತಿನ ಸಾರ. ಹಾಗಾಗಿ ನಾವು ಬಂದ ಕೂಡಲೇ ಮನೆ ಕೊಳ್ಳಲಿಲ್ಲ, ನಾನು ತಕ್ಷಣ ಕ್ಲಿನಿಕ್ ತೆರೆಯಲಿಲ್ಲ. ಮೊದಲ ತಿಂಗಳುಗಳನ್ನು ಇನ್ನೊಬ್ಬರ ಕೇಂದ್ರದಲ್ಲಿ ಅರೆಕಾಲಿಕ ಕೆಲಸ ಮಾಡಿ ಕಳೆದೆ.

ಮಗಳ ತರಗತಿಯ ಟೀಚರ್‌ಗೆ ವಿಶೇಷ ವಂದನೆ. "ಹೋಗೋಣವೇ ಎಂದು ಮಗುವನ್ನು ಕೇಳಬೇಡಿ, ಆ ಭಾರ ಅವಳದಲ್ಲ. ಯಾವುದನ್ನು ಕಳೆದುಕೊಳ್ಳಬಾರದು ಎಂದು ಕೇಳಿ," ಎಂದವರು ಅವರು. ಮಗಳು ಈಜು ತರಗತಿಯನ್ನೂ ಗೆಳತಿಯೊಂದಿಗೆ ವಾರಕ್ಕೊಂದು ವಿಡಿಯೊ ಕರೆಯನ್ನೂ ಕೇಳಿದಳು. ತನ್ನ ಕೋಣೆಯ ಬಣ್ಣವನ್ನು ತಾನೇ ಆರಿಸಬೇಕೆಂದಳು. ಮೂರೂ ಸಾಧ್ಯವಿದ್ದವು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆಯೇ ಹೊರಟೆವು.

ನನ್ನ ರೋಗಿಗಳಿಗೆ ಏನು ಹೇಳಲಿ? ಬಿಟ್ಟುಹೋಗುತ್ತಿದ್ದೇನೆಂದು ತಿಳಿಸಿದಾಗ ನಿಮ್ಮಲ್ಲಿ ಒಬ್ಬರೂ ನನ್ನನ್ನು ನೋಯಿಸುವ ಮಾತಾಡಲಿಲ್ಲ. ಹೊಸಬರ ಕೈಗೆ ನಿಮ್ಮ ಚಿಕಿತ್ಸೆಯ ದಾಖಲೆ ಒಪ್ಪಿಸಲು ಒಪ್ಪಿಗೆ ಕೊಟ್ಟಿರಿ, ಅವರ ಕೈಗುಣವನ್ನೂ ನಂಬಿದಿರಿ. ನನ್ನ ಕ್ಲಿನಿಕ್ ವಹಿಸಿಕೊಂಡ ಆ ಕಿರಿಯ ಗೆಳೆಯ, ಹೊರಡುವ ಮುನ್ನ ವಾರಗಟ್ಟಲೆ ನನ್ನ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ನಡಿಗೆ, ನೋವು, ಅಂಜಿಕೆಯನ್ನು ಗಮನಿಸಿ ಬರೆದುಕೊಂಡದ್ದನ್ನು ಮರೆಯಲಾರೆ. ನನಗಿದ್ದ ದೊಡ್ಡ ಸಂಕಟವನ್ನು ಇಳಿಸಿದ್ದು ಅವನು.

ಬಂದ ಮೇಲಿನ ಮೊದಲ ತಿಂಗಳುಗಳು ಕಠಿಣವಾಗಿದ್ದವು. ಹೆಂಡತಿಗೆ ಕಚೇರಿಯಿತ್ತು, ಮಗಳಿಗೆ ಶಾಲೆಯಿತ್ತು; ಮಧ್ಯಾಹ್ನದ ಹೊತ್ತು ನನ್ನ ಹೆಸರು ಹಿಡಿದು ಕರೆಯುವವರು ಇಡೀ ನಗರದಲ್ಲಿ ಇರಲಿಲ್ಲ. ಆಗ ಮೇಡಂ ಪತ್ರ ಬರೆದು, ಆಪ್ತರನ್ನೇ ಕೇಳುತ್ತ ಕೂರಬೇಡ, ಮುಖಪರಿಚಯದವರನ್ನು ಕೇಳು ಎಂದರು. ಆಪ್ತರಿಗೆ ತಿಳಿದದ್ದು ಹೆಚ್ಚಾಗಿ ನಮಗೂ ತಿಳಿದೇ ಇರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯಗಳಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲೇ ವಾದಿಸಿದ್ದರಂತೆ. ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜವಾಯಿತು. ಹಳೆಯ ರೋಗಿಯೊಬ್ಬರ ದೂರದ ನೆಂಟರು, ನಾನು ಒಮ್ಮೆಯೂ ನೋಡಿರದವರು, ಇಲ್ಲಿನ ಮೂಳೆರೋಗ ತಜ್ಞರೊಬ್ಬರಿಗೆ ನನ್ನನ್ನು ಪರಿಚಯಿಸಿದರು. ಅರೆಕಾಲಿಕ ಕೆಲಸ ಸಿಕ್ಕಿದ್ದು ಹಾಗೆ, ಇಂದಿನ ಕ್ಲಿನಿಕ್ಕಿಗೆ ಮೊದಲ ರೋಗಿಗಳು ಬಂದದ್ದೂ ಆ ವೈದ್ಯರಿಂದಲೇ. ಸಂಜೆ ನಡೆಯಲು ಹೋಗುವಾಗ ನನ್ನನ್ನೂ ಕರೆದ ನೆರೆಮನೆಯವರಿಗೂ ನನ್ನ ನಮಸ್ಕಾರ. ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಗೆ ಕಳೆಯಬೇಕೆಂದು ಜೆಫ್ರಿ ಹಾಲ್ ಎಂಬ ಸಂಶೋಧಕ 2018ರಲ್ಲಿ ಅಂದಾಜಿಸಿದ್ದಾರೆ. ಅದನ್ನು ಓದಿದ ಮೇಲೆ ಗೆಳೆತನ ತಡವಾಗುತ್ತಿದೆಯೆಂಬ ಆತಂಕ ಹೋಯಿತು. ನಡೆಯುತ್ತಾ ಹೋದರಾಯಿತು.

ಹೆಂಡತಿಗೆ ಹೇಳಬೇಕಾದದ್ದನ್ನು ಕೊನೆಗಿಟ್ಟುಕೊಂಡೆ. "ನಿನಗೆ ಇಷ್ಟವಿಲ್ಲದಿದ್ದರೆ ಬಿಟ್ಟುಬಿಡುತ್ತೇನೆ," ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವಳ ಬದುಕಿನ ಭಾರವೆಲ್ಲ ನನ್ನ ಒಂದು ಮಾತಿನ ಮೇಲೆ ಬೀಳುತ್ತಿತ್ತು. "ನನಗೆ ಈ ಕೆಲಸ ಬೇಕು. ನಿನಗೇನು ಬೇಕು, ಹೇಳು," ಎಂದಳು. ನಾನು ಹೇಳಿದೆ. ನನ್ನ ಗಳಿಕೆ ಕುದುರುವವರೆಗೆ ಇಬ್ಬರ ಹಣವೂ ಒಂದೇ ಖಾತೆಯಲ್ಲಿರಬೇಕು, ಖರ್ಚಿಗೆ ಕೇಳಿ ಪಡೆಯುವ ಸ್ಥಿತಿ ನನಗೆ ಬರಬಾರದು. ಸಂಜೆಯ ಕೆಲವು ದಿನಗಳಾದರೂ ಮಗಳನ್ನು ಕರೆತರುವುದು ಅವಳ ಪಾಲಿಗಿರಬೇಕು, ಇಲ್ಲದಿದ್ದರೆ ಸಂಜೆಯ ರೋಗಿಗಳನ್ನು ನೋಡಲು ನನಗಾಗದು. ಎರಡನ್ನೂ ಅವಳು ಇಂದಿನವರೆಗೂ ನಡೆಸಿಕೊಂಡು ಬಂದಿದ್ದಾಳೆ. ಪ್ರಯೋಗಾಲಯದಲ್ಲಿ ತುರ್ತು ಮಾದರಿಗಳಿದ್ದ ದಿನಗಳಲ್ಲೂ ಬೇರೆ ವ್ಯವಸ್ಥೆಯನ್ನು ಅವಳೇ ಮಾಡಿದಳು. ನಮ್ಮಿಬ್ಬರ ನಡುವೆ ಯಾವ ಬಾಕಿಯೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಮುಂದಿನ ತಿಂಗಳು ಆ ನಾಲ್ಕು ವಿಷಯಗಳನ್ನು ತೆಗೆದು ನೋಡುವ ಗಡುವು. ಇಲ್ಲೇ ಉಳಿಯೋಣ ಎಂದು ಇಬ್ಬರಿಗೂ ಅನಿಸುತ್ತಿದೆ, ಆದರೂ ಕೂತು ಮಾತಾಡುತ್ತೇವೆ. ಫೋನಿನಲ್ಲಿ ಜೊತೆಗಿರಲು ಮೇಡಂ ಒಪ್ಪಿದ್ದಾರೆ, ಅದಕ್ಕೂ ಮುಂಗಡವಾಗಿ ಧನ್ಯವಾದ. ಇದೇ ಪ್ರಶ್ನೆ ಎದುರಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಹೋಗುವ ಹಾಳೆ, ಉಳಿಯುವ ಹಾಳೆ ಎರಡರ ನಕಲನ್ನೂ ಕಳಿಸಲು ಹೆಂಡತಿ ಒಪ್ಪಿದ್ದಾಳೆ.