ಅತ್ತೂರಿನ ಜಾತ್ರೆಗೆ ಬಾ ಗೆಳೆಯಾ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಶೆಟ್ಟಿಹಳ್ಳಿ ಚರ್ಚಿನ ಫೋಟೊಗಳನ್ನು ನೋಡಿದೆ. ಹೇಮಾವತಿಯ ಹಿನ್ನೀರು, ಸೂರಿಲ್ಲದ ಗೋಡೆಗಳು, ಆ ಎತ್ತರದ ಕಮಾನುಗಳು. ಚೆನ್ನಾಗಿ ತೆಗೆದಿದ್ದೀಯ. ಕೊನೆಗೆ ಕೇಳಿದ್ದೀಯಲ್ಲ, "ನಿಮ್ಮ ಕಡೆ ಇಂಥ ಹಳೇ ಚರ್ಚ್ ಯಾವುದಿದೆ? ನಾವೆಲ್ಲ ಒಳಗೆ ಹೋಗಬಹುದಾ?" ಅಂತ. ಫೋನಿನಲ್ಲಿ ಎರಡು ಮಾತಾಡಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ.

ಶೆಟ್ಟಿಹಳ್ಳಿಯ ಚಿತ್ರಗಳನ್ನು ನೋಡುವಾಗ ನನಗೆ ಸಂಕಟ ಆಗುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು. ಮುಂದೆ ಗೊರೂರಿನಲ್ಲಿ ಅಣೆಕಟ್ಟು ಬಂತು, ಹಿನ್ನೀರು ಊರಿಗೆ ಬಂತು, ಜನ ಬೇರೆ ಕಡೆ ಹೋಗಬೇಕಾಯಿತು. ನೀನು ನಿಂತು ಫೋಟೊ ತೆಗೆದ ಜಾಗದಲ್ಲಿ ಎಷ್ಟೋ ಮದುವೆಗಳು ಆಗಿರುತ್ತವೆ. ಎಷ್ಟೋ ಮಕ್ಕಳಿಗೆ ಹೆಸರಿಟ್ಟಿರುತ್ತಾರೆ. ಹಬ್ಬದ ದಿನ ಪಕ್ಕದೂರಿನ ನೆಂಟರು ಬಂದು ಆ ಅಂಗಳದಲ್ಲೇ ಮಾತಾಡುತ್ತಾ ನಿಂತಿರುತ್ತಾರೆ. ಫೋಟೊದಲ್ಲಿ ಅದು ಯಾವುದೂ ಕಾಣುವುದಿಲ್ಲ ಅಲ್ವಾ? ಹಾಗಾಗಿ ನಿನಗೆ ಜನ ತುಂಬಿರುವ ಇಗರ್ಜಿಯೊಂದನ್ನು ತೋರಿಸಬೇಕು ಅಂತ ನನ್ನಾಸೆ. ನಮ್ಮ ಕಡೆ ಚರ್ಚಿಗೆ ಇಗರ್ಜಿ ಅಂತಲೂ ಹೇಳುತ್ತೇವೆ.

ಕಾರ್ಕಳ ಅಂದರೆ ನಿನಗೆ ಗೊಮ್ಮಟ ನೆನಪಿಗೆ ಬರುತ್ತಾನೆ. ಅದೇ ಊರಿನ ಹತ್ತಿರ ಅತ್ತೂರು ಇದೆ. ಅಲ್ಲಿರುವುದು ಸಂತ ಲಾರೆನ್ಸರ ಇಗರ್ಜಿ. ಅತ್ತೂರಿನಲ್ಲಿ ಮೊದಲ ಇಗರ್ಜಿ ಆದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಕಡೆಯ ಇಗರ್ಜಿಗಳು ನೆಲಸಮವಾದವು. 1799ರ ನಂತರ ಬದುಕಿ ಉಳಿದವರು ಮರಳಿ ಬಂದರು. ಹೊಲ ಮನೆ ಬೇರೆಯವರ ಕೈಸೇರಿತ್ತು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಿತ್ತು.

ಆ ಕಾಲದ ಕತೆಯೊಂದನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಸಂತ ಲಾರೆನ್ಸರ ಸಣ್ಣ ಮರದ ಮೂರ್ತಿಯೊಂದನ್ನು ಹೊತ್ತು ಪಾದ್ರಿಯೊಬ್ಬರು ನಾಲ್ಕು ಜನರ ಜೊತೆ ಇಗರ್ಜಿ ಕಟ್ಟಲು ಜಾಗ ಹುಡುಕುತ್ತಾ ಬಂದರಂತೆ. ಗುಡ್ಡದ ಬುಡದಲ್ಲಿ ನೀರಿನ ಒರತೆ ಕಂಡಿತು. ಮೂರ್ತಿಯನ್ನು ಕೆಳಗಿಟ್ಟು ನೀರು ಕುಡಿದರು, ದಣಿವಾರಿಸಿಕೊಂಡರು. ಮತ್ತೆ ಎತ್ತಲು ಹೋದರೆ ಮೂರ್ತಿ ಜಗ್ಗಲಿಲ್ಲ. "ಇಲ್ಲೇ ಕಟ್ಟುತ್ತೇವೆ" ಅಂತ ಪಾದ್ರಿ ಮಾತು ಕೊಟ್ಟ ಮೇಲೆ ಹೂವಿನ ಹಾಗೆ ಮೇಲೆ ಬಂತಂತೆ. ಆ ಒರತೆಯ ಕೆರೆ ಈಗಲೂ ಇದೆ. ಬಂದವರು ಅಲ್ಲಿಗೆ ಹೋಗಿ, ನೀರು ಮುಟ್ಟಿ ಕೈಮುಗಿಯುತ್ತಾರೆ. ಇಂಥ ಕತೆ ನಮ್ಮ ಎಷ್ಟು ದೇವಸ್ಥಾನಗಳಿಗಿಲ್ಲ ಹೇಳು! ನೆಲವೇ ದೇವರನ್ನು ಹಿಡಿದು ನಿಲ್ಲಿಸುವ ಕತೆ ತುಳುನಾಡಿನ ಯಾರಿಗೂ ಹೊಸದಲ್ಲ. ಅದಕ್ಕೇ ಈ ಸಂತ ನಮ್ಮ ಅಜ್ಜಿಯಂಥವರಿಗೂ ಒಂದು ದಿನವೂ ಪರಕೀಯ ಅನ್ನಿಸಲಿಲ್ಲ.

ವರ್ಷಕ್ಕೊಮ್ಮೆ ಜನವರಿಯಲ್ಲಿ ಇಲ್ಲಿ ಐದು ದಿನದ ಜಾತ್ರೆ. ಊರವರು ಸಾಂತ್‌ಮಾರಿ ಅನ್ನುತ್ತಾರೆ. ಸಂತ ಲಾರೆನ್ಸರ ದಿನ ನಿಜವಾಗಿ ಆಗಸ್ಟ್ 10. ಆದರೆ ಆಗಸ್ಟ್ ಅಂದರೆ ನಮ್ಮಲ್ಲಿ ಜಡಿಮಳೆ, ದೊಡ್ಡ ಜಾತ್ರೆ ಏನಿದ್ದರೂ ಜನವರಿಯಲ್ಲೇ. ಅಷ್ಟು ಹೊತ್ತಿಗೆ ಕೊಯಿಲು ಮುಗಿದಿರುತ್ತದೆ, ಗದ್ದೆಗಳು ಒಣಗಿರುತ್ತವೆ, ರಾತ್ರಿ ಸ್ವಲ್ಪ ಚಳಿ ಇರುತ್ತದೆ. ಕಾರ್ಕಳ ಪೇಟೆಯಿಂದ ಬಸ್ಸುಗಳು ತುಂಬಿ ತುಳುಕುತ್ತವೆ. ಇಗರ್ಜಿಯ ದಾರಿಯುದ್ದಕ್ಕೂ ಅಂಗಡಿಗಳು. ಬಳೆ, ಆಟದ ಸಾಮಾನು, ಖರ್ಜೂರ, ಹಲ್ವ, ಪಾತ್ರೆ ಪಗಡೆ. ಅಂಗಡಿ ಹಾಕಿದವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಘಟ್ಟದ ಮೇಲಿಂದ ಇಳಿದು ಬಂದವರಿದ್ದಾರೆ.

ಅಲ್ಲಿ ನೀನು ನೋಡಲೇಬೇಕಾದದ್ದು ಮೇಣದ ಬತ್ತಿ ಹಚ್ಚುವ ಜಾಗ. ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿ, ಹಣೆಗೆ ಕುಂಕುಮ ಇಟ್ಟ ಮುದುಕಿ, ಬುರ್ಖಾ ಹಾಕಿದ ಹೆಂಗಸು, ಕುತ್ತಿಗೆಯಲ್ಲಿ ಶಿಲುಬೆ ಇರುವ ಹುಡುಗ, ಎಲ್ಲರೂ ಒಂದೇ ಕಡೆ ನಿಂತಿರುತ್ತಾರೆ. ಒಬ್ಬರ ಬತ್ತಿಯ ಉರಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾರೆ. ಗಾಳಿಗೆ ಆರಿದರೆ ಪಕ್ಕದವರು ಕೇಳದೆಯೇ ತಮ್ಮದನ್ನು ಮುಂದೆ ಚಾಚುತ್ತಾರೆ. ಕೆಳಗೆ ಕರಗಿದ ಮೇಣ ದಪ್ಪವಾಗಿ ಹೆಪ್ಪುಗಟ್ಟಿರುತ್ತದೆ. ಯಾರ ಹರಕೆ ಏನು ಅಂತ ಯಾರೂ ಕೇಳುವುದಿಲ್ಲ. ಒಳಗೆ ಕೊಂಕಣಿಯಲ್ಲಿ ಪೂಜೆ ಮುಗಿದರೆ ಇನ್ನೊಂದು ಹೊತ್ತಿಗೆ ಕನ್ನಡದಲ್ಲಿ ಪೂಜೆ. ಹೊರಗೆ ಅಂಗಳದಲ್ಲಿ ತುಳು. "ಒಳಗೆ ಹೋಗಬಹುದಾ" ಅಂತ ಕೇಳಿದೆಯಲ್ಲ, ಇದೇ ನನ್ನ ಉತ್ತರ.

ಸಂತ ಲಾರೆನ್ಸರ ಬಗ್ಗೆ ಒಂದು ಮಾತು ಹೇಳಬೇಕು. ಅವರು ರೋಮ್ ನಗರದಲ್ಲಿ ಚರ್ಚಿನ ಹಣಕಾಸು, ದಾನಧರ್ಮ ನೋಡಿಕೊಳ್ಳುತ್ತಿದ್ದವರು. ಕ್ರಿ.ಶ. 258ರಲ್ಲಿ ಅಧಿಕಾರಿಗಳು "ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು" ಅಂತ ಅಪ್ಪಣೆ ಮಾಡಿದರಂತೆ. ಇದ್ದದ್ದನ್ನೆಲ್ಲ ಹಂಚಿಬಿಟ್ಟು, ಊರಿನ ಬಡವರನ್ನು, ಕುಂಟರು ಕುರುಡರನ್ನು ಕರೆದುಕೊಂಡು ಬಂದು "ಇವರೇ ನಮ್ಮ ಸಂಪತ್ತು" ಅಂದರಂತೆ. ಅದಕ್ಕೆ ಕಾದ ಕಬ್ಬಿಣದ ಸರಳುಗಳ ಮೇಲೆ ಸುಟ್ಟು ಕೊಂದರು ಅಂತ ಪರಂಪರೆ ಹೇಳುತ್ತದೆ. ಮೂರ್ತಿಯ ಕೈಯಲ್ಲಿ ಆ ಸರಳುಗಳ ಚೌಕಟ್ಟು ಯಾಕಿದೆ ಅಂತ ನಿನಗೆ ಆಗ ಅರ್ಥವಾಗುತ್ತದೆ. ಇಂಥವರ ಹೆಸರಿನ ಇಗರ್ಜಿಗೆ ಕಾಯಿಲೆಯವರು, ಕಷ್ಟದಲ್ಲಿರುವವರು, ಕೈಯಲ್ಲಿ ಕಾಸಿಲ್ಲದವರು ಹುಡುಕಿಕೊಂಡು ಬರುತ್ತಾರೆ ಅಂದರೆ ನನಗೆ ತುಂಬ ಸರಿ ಅನ್ನಿಸುತ್ತದೆ.

2016ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಅತ್ತೂರಿಗೆ ಬೆಸಿಲಿಕಾ ಅನ್ನುವ ಗೌರವ ಸಿಕ್ಕಿತು. ರಾಜ್ಯದಲ್ಲಿ ಬೆಂಗಳೂರು ಶಿವಾಜಿನಗರದ ಸೇಂಟ್ ಮೇರೀಸ್ ನಂತರ ಇದೇ ಎರಡನೆಯದು. ಊರಿಗೆ ಹೆಮ್ಮೆಯ ವಿಷಯವೇ. ಆದರೆ ಜನ ಬರುತ್ತಿದ್ದದ್ದು ಅದಕ್ಕೂ ಎಷ್ಟೋ ಮೊದಲಿನಿಂದ.

ಜಾತ್ರೆ ಐದು ದಿನ. ಉಳಿದ ದಿನಗಳಲ್ಲಿ ಹಳ್ಳಿಯ ಇಗರ್ಜಿ ಏನು ಮಾಡುತ್ತದೆ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ಓದಿದ್ದು ಇಂಥದ್ದೇ ಒಂದು ಇಗರ್ಜಿಯ ಪಕ್ಕದ ಕನ್ನಡ ಶಾಲೆಯಲ್ಲಿ. ನಮ್ಮ ಕಡೆ ಹಳೆಯ ಇಗರ್ಜಿ ಇದ್ದಲ್ಲೆಲ್ಲ ಪಕ್ಕದಲ್ಲಿ ಶಾಲೆ ಇರುವುದು ವಾಡಿಕೆ. ನನ್ನ ಬೆಂಚಿನಲ್ಲಿ ಮೂರು ಧರ್ಮದ ಮಕ್ಕಳಿದ್ದರು. ಗಡಿಯಾರ ಇಲ್ಲದ ಕಾಲದಲ್ಲಿ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಮಧ್ಯಾಹ್ನದ ಗಂಟೆ ಕೇಳಿ ಊಟಕ್ಕೆ ಏಳುತ್ತಿದ್ದರು ಅಂತ ಅಮ್ಮ ಹೇಳುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ನಿಧಾನವಾಗಿ ಬಾರಿಸಿತು ಅಂದರೆ ಯಾರೋ ತೀರಿಕೊಂಡಿದ್ದಾರೆ ಅಂತ ಲೆಕ್ಕ. ಯಾರು ಅಂತ ವಿಚಾರಿಸಲು ಎಲ್ಲ ಮನೆಯವರೂ ಅಂಗಳಕ್ಕೆ ಬರುತ್ತಿದ್ದರು.

ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿರುತ್ತಾರೆ. ಪ್ರತಿ ವಾಡೊಗೆ ಒಬ್ಬರು ಗುರ್ಕಾರ್, ಅಂದರೆ ಮುಖಂಡರು. ಮದುವೆ, ಸಾವು, ಮನೆ ಜಗಳ, ಮಳೆಗೆ ಬಿದ್ದ ಗೋಡೆ, ಏನೇ ಆದರೂ ಗುರ್ಕಾರರಿಗೆ ಮೊದಲು ತಿಳಿಯುತ್ತದೆ. ಕೊಂಕಣಿ ನಾಟಕ ಆದರೆ ಇಗರ್ಜಿಯ ಮೈದಾನದಲ್ಲೇ. ವಾಲಿಬಾಲ್ ನೆಟ್ ಕಟ್ಟುವುದೂ ಅಲ್ಲೇ. ನಮಗೆ ಹುಡುಗರಿಗೆ ಫಾದರ್ ಅಂದರೆ ಪೂಜೆ ಮಾಡುವವರು ಅನ್ನುವುದಕ್ಕಿಂತ ಚೆಂಡಿನ ಕೋಣೆಯ ಕೀಲಿಕೈ ಇರುವವರು.

ಇನ್ನು ತೆನೆ ಹಬ್ಬ. ಇದನ್ನು ಬರೆಯದೆ ಪತ್ರ ಮುಗಿಸಲಾರೆ. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂವು ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ದಾಸವಾಳ, ಗೌರಿ ಹೂ, ಸೇವಂತಿಗೆ, ಬೇಲಿಯಲ್ಲಿ ಅರಳಿದ್ದೆಲ್ಲ ಬರುತ್ತದೆ. ಬೇಲಿ ಯಾರದ್ದು ಅಂತ ಆ ಒಂಬತ್ತು ದಿನ ಯಾರೂ ತಕರಾರು ಮಾಡುವುದಿಲ್ಲ. ನಮ್ಮಮ್ಮ ಮಕ್ಕಳಿಗೆ ಅಂತಲೇ ದಾಸವಾಳದ ಗೆಲ್ಲು ಬಗ್ಗಿಸಿ ಕಟ್ಟಿಡುತ್ತಿದ್ದರು.

ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ. ನಮ್ಮ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಸೆಪ್ಟೆಂಬರಿನ ಮೊದಲ ವಾರಕ್ಕೆ ಎಲ್ಲ ಕಡೆ ತೆನೆ ಬಿಟ್ಟಿರುವುದಿಲ್ಲ. ಹಾಗಾಗಿ ಒಂದು ಗದ್ದೆಗೆ ಮೊದಲೇ ಬಿತ್ತಿರಬೇಕು. ನಮ್ಮ ಮನೆಯ ಕೆಳಗಿನ ಗದ್ದೆಯಲ್ಲಿ ಬೇಗ ತೆನೆ ಬರುತ್ತಿತ್ತು. ಅಪ್ಪ ಬೆಳಕು ಹರಿಯುವ ಮುಂಚೆ ಗದ್ದೆಗಿಳಿದು, ಕಾಲು ತೊಳೆದ ಹಾಗೆಯೇ ಚಪ್ಪಲಿ ಇಲ್ಲದೆ ತೆನೆ ಕೊಯ್ದು, ಕಟ್ಟು ಮಾಡಿ ಗುರ್ಕಾರರ ಕೈಗೆ ಕೊಡುತ್ತಿದ್ದರು. ಇನ್ನೂ ಹಸಿರು ಮಾಸದ ತೆನೆ, ಕಾಳು ಹಿಚುಕಿದರೆ ಹಾಲು. ಇಗರ್ಜಿಯಲ್ಲಿ ಆಶೀರ್ವಾದ ಆಗಿ ಮೆರವಣಿಗೆಯ ನಂತರ ಮನೆಮನೆಗೆ ಹಂಚುತ್ತಿದ್ದರು. ಒಂದೆರಡು ತೆನೆ ನಮ್ಮ ಮನೆಗೂ ಬರುತ್ತಿತ್ತು. ಅಪ್ಪ ಅದನ್ನು ನಮ್ಮ ಕುರಲ್ ಪರ್ಬದ (ತುಳುವರ ಹೊಸ ತೆನೆಯ ಹಬ್ಬದ) ತೆನೆಯ ಜೊತೆಗೇ ಕಂಬಕ್ಕೆ ಕಟ್ಟುತ್ತಿದ್ದರು. ಅದರಲ್ಲಿ ಅವರಿಗೆ ವಿಶೇಷ ಏನೂ ಕಾಣುತ್ತಿರಲಿಲ್ಲ. ನಮ್ಮ ಗದ್ದೆಯ ತೆನೆ, ಇಗರ್ಜಿಗೆ ಹೋಗಿ ಮನೆಗೆ ಬಂದಿದೆ, ಅಷ್ಟೇ.

ಪೂಜೆ ಮುಗಿಸಿ ಬರುವ ಮಕ್ಕಳಿಗೆ ಕಬ್ಬು ಕೊಡುತ್ತಾರೆ. ಕೈಗಿಂತ ಉದ್ದದ ಕಬ್ಬನ್ನು ಹೆಗಲಿಗೆ ಹಾಕಿಕೊಂಡು ಮಕ್ಕಳು ರಸ್ತೆಯುದ್ದಕ್ಕೂ ಜಗಿಯುತ್ತಾ ಹೋಗುವುದು ನೋಡಲು ಚಂದ. ಮನೆಯಲ್ಲಿ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ಊಟ. ಮೀನಿಲ್ಲದೆ ಅನ್ನ ಇಳಿಯದ ಮನೆಗಳಲ್ಲಿ ಅವತ್ತು ಬರೀ ತರಕಾರಿ. ಬೆಂಡೆ, ಹೀರೆ, ತೊಂಡೆ, ಅಲಸಂಡೆ, ಹರಿವೆ ದಂಟು. ಬಗೆಗಳ ಸಂಖ್ಯೆ ಐದು, ಏಳು, ಒಂಬತ್ತು ಹೀಗೆ ಬೆಸವಾಗಿರಬೇಕು. ದೂರದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುತ್ತಿದ್ದರು. ಮುಂಬೈಗೆ, ದುಬೈಗೆ, ಕುವೈತಿಗೆ. ಅಲ್ಲಿ ಒಂದು ಲೋಟ ಹಾಲಿಗೆ ಆ ಕಾಳು ಹಾಕಿದರೆ ಅವರ ಹಬ್ಬವೂ ಆಯಿತು.

ಈಗ ಗದ್ದೆ ಮಾಡುವವರು ಕಡಿಮೆಯಾಗಿದ್ದಾರೆ. ನಮ್ಮ ಕೆಳಗಿನ ಗದ್ದೆಯಲ್ಲೂ ಅಡಿಕೆ ಸಸಿ ಎದ್ದಿದೆ. ತೆನೆಗಾಗಿ ಒಂದು ತುಂಡು ಗದ್ದೆಯನ್ನು ಉಳಿಸಿಕೊಂಡವರನ್ನು ಹುಡುಕಿಕೊಂಡು ಹೋಗಬೇಕು. ಹುಡುಗರು ಬೆಂಗಳೂರಿಗೆ, ಗಲ್ಫಿಗೆ ಹೋಗಿದ್ದಾರೆ. ಭಾನುವಾರದ ಪೂಜೆಯಲ್ಲಿ ಮುಂದಿನ ಬೆಂಚುಗಳಲ್ಲಿ ವಯಸ್ಸಾದವರೇ ಜಾಸ್ತಿ. ಕೆಲವು ಕಡೆ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಹಳೇ ಇಗರ್ಜಿ ಕೆಡವಿ ಕಾಂಕ್ರೀಟಿನದ್ದು ಕಟ್ಟಿದ್ದಾರೆ. ಜಾಗ ಸಾಲುವುದಿಲ್ಲ, ಸೋರುತ್ತದೆ ಅನ್ನುವ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಹಳೇ ಹೆಂಚಿನ ಕೆಳಗೆ ಕೂತಾಗಿನ ತಂಪು, ಮರದ ತೊಲೆಯ ವಾಸನೆ ಹೋಗಿಬಿಟ್ಟವಲ್ಲ ಅಂತ ಹೊಟ್ಟೆ ಉರಿಯುತ್ತದೆ. ರಿಪೇರಿ ಮಾಡಿ ಉಳಿಸಿಕೊಳ್ಳಬಹುದಾದದ್ದನ್ನು ಉಳಿಸಿಕೊಳ್ಳಲೇಬೇಕು. ಇದನ್ನು ನಾನು ನನ್ನ ಕ್ರೈಸ್ತ ಗೆಳೆಯರ ಹತ್ತಿರವೂ ಜಗಳ ಮಾಡಿ ಹೇಳುತ್ತೇನೆ. ನಾನು ಆಡಿ ಬೆಳೆದ ಅಂಗಳ ಅದು, ನನಗೂ ಹಕ್ಕಿದೆ.

ಜಾತ್ರೆಗೆ ಮಾತ್ರ ಎಲ್ಲರೂ ಬರುತ್ತಾರೆ. ಗಲ್ಫಿನಲ್ಲಿರುವವರು ರಜೆಯನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ನನ್ನ ಬೆಂಚಿನ ಗೆಳೆಯರೂ ಬರುತ್ತಾರೆ, ಪರಿಚಯ ಮಾಡಿಸುತ್ತೇನೆ.

ನೀನು ಹಾಸನದಿಂದ ಹೊರಟರೆ ಶಿರಾಡಿ ಘಾಟಿ ಇಳಿದು, ಉಪ್ಪಿನಂಗಡಿ, ಬೆಳ್ತಂಗಡಿ ಮೇಲೆ ಬಾ. ಭಾನುವಾರದ ಗದ್ದಲ ಬೇಡ, ವಾರದ ದಿನ ಬಾ. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ, ಬಿಸಿಲು ಇಳಿದ ಮೇಲೆ ಹೋಗೋಣ. ಮಕ್ಕಳನ್ನೂ, ತಂಗಿಯನ್ನೂ ಕರೆದುಕೊಂಡು ಬಾ. ನಿಮ್ಮಮ್ಮನಿಗೆ ಮಂಡಿ ನೋವು ಅಂದಿದ್ದೆಯಲ್ಲ, ಅವರನ್ನು ಬಿಟ್ಟು ಬರಬೇಡ. ವಯಸ್ಸಾದವರು ಬಂದರೆ ಸಾಲಿನಲ್ಲಿ ಜನರೇ ಜಾಗ ಬಿಡುತ್ತಾರೆ. ದಿನಾಂಕ ಗೊತ್ತಾದ ಕೂಡಲೇ ತಿಳಿಸುತ್ತೇನೆ, ರಜೆಗೆ ಈಗಲೇ ಬರೆದು ಹಾಕು.

ಪ್ರೀತಿಯಿಂದ,
ಕಾರ್ಕಳದ ನಿನ್ನ ಗೆಳೆಯ