ನುಡಿ ಫೈಲ್ ಮೊಬೈಲಿನಲ್ಲಿ ಅರ್ಥವಾಗದಂತೆ ಕಂಡರೆ

ಎಲ್ಲರಿಗೂ ನಮಸ್ಕಾರ. ಸಭೆಯ ವರದಿಯ ವರ್ಡ್ ಫೈಲ್ ತೆರೆದರೆ ಏನೇನೋ ಕಾಣಿಸುತ್ತಿದೆ ಅಂತ ತುಂಬಾ ಜನ ಕೇಳಿದ್ದೀರಿ. ಫೈಲ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಸುಮ್ನೆ ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಡಿ.

ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ (ಅಕ್ಷರ ವಿನ್ಯಾಸದಲ್ಲಿ) ಟೈಪ್ ಆಗಿದೆ. ಆ ಫಾಂಟ್ ಒಳಗೊಳಗೆ ಇಂಗ್ಲಿಷಿನಂಥ ಅಕ್ಷರ, ಗುರುತುಗಳನ್ನೇ ಬಳಸಿ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಫಾಂಟ್ ಇಲ್ಲದ ಕಡೆ 'ಕನ್ನಡ' ಅನ್ನೋ ಪದ ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಆಮೇಲೆ ಪೌಂಡ್ ಗುರುತು, ಹೀಗೆ ಕಾಣುತ್ತದೆ.

ಕಂಪ್ಯೂಟರಿನಲ್ಲಿ ನುಡಿ ಇದ್ದರೆ ಕಂಟ್ರೋಲ್ ಎ ಒತ್ತಿ ಪೂರ್ತಿ ಪಠ್ಯ ಆಯ್ದುಕೊಂಡು, ಫಾಂಟ್ ಪಟ್ಟಿಯಲ್ಲಿ ನುಡಿ ಆರಿಸಿ. ಅಷ್ಟೇ. ಮೊಬೈಲಿನವರು ಆಸ್ಕಿಯಿಂದ (ಈ ಹಳೆಯ ಫಾಂಟಿನ ಪಠ್ಯಕ್ಕೆ ಹೇಳುವ ಹೆಸರು) ಯೂನಿಕೋಡ್‌ಗೆ (ಬೇರೆ ಫಾಂಟ್ ಹಾಕಿಕೊಳ್ಳದೆಯೇ ಮೊಬೈಲಿನಲ್ಲೂ ಕನ್ನಡವಾಗಿ ಕಾಣುವ ವಿಧಾನ) ಬದಲಿಸುವ ಪರಿವರ್ತಕ ವೆಬ್‌ಸೈಟಿಗೆ ಪಠ್ಯ ಅಂಟಿಸಿ. ಒತ್ತಕ್ಷರ, ಅರ್ಕಾವತ್ತು ಒಮ್ಮೊಮ್ಮೆ ತಪ್ಪುತ್ತವೆ, ಓದಿ ನೋಡಿ. ಬ್ಯಾಂಕ್ ಖಾತೆ, ಆಧಾರ್ ಇರುವ ಕಾಗದವನ್ನು ಮಾತ್ರ ಕಂಡ ಕಂಡ ವೆಬ್‌ಸೈಟಿಗೆ ಹಾಕಬೇಡಿ.

ಟೈಪ್ ಮಾಡುವವರಿಗೊಂದು ಕೋರಿಕೆ: ಇನ್ನು ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ. ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಆ ಆಯ್ಕೆ ಇದೆ, ಕೀಲಿಮಣೆ ಹೊಸದಾಗಿ ಕಲಿಯಬೇಕಿಲ್ಲ. ಹಳೆಯ ಫೈಲೇ ಕಳಿಸೋದಾದರೆ ಪಿಡಿಎಫ್ ಮಾಡಿ ಹಾಕಿ, ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ಈ ವರದಿಯ ಪಿಡಿಎಫ್ ಸಂಜೆ ಇಲ್ಲೇ ಹಾಕುತ್ತೇನೆ.